ಹಬ್ಬ ಬಿಡೋದು ಬೇಡ, ಹೊತ್ತು ಬದಲಿಸೋಣ

ಕಲಬುರಗಿ ನಗರದ ಎಲ್ಲ ಉತ್ಸವ ಸಮಿತಿಗಳಿಗೆ, ದೇವಸ್ಥಾನಗಳ ಕಮಿಟಿಯವರಿಗೆ, ಮೆರವಣಿಗೆಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಆ ಮೆರವಣಿಗೆಗಳಲ್ಲಿ ನಡೆಯುವ ಎಲ್ಲರಿಗೂ,

ನಮಸ್ಕಾರ.

ನಮ್ಮೂರಲ್ಲಿ ಬಿಸಿಲೂ ಹಬ್ಬವೂ ಕೂಡಿಯೇ ಬರುತ್ತವೆ. ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟ ಮೇಲೆ ಏರುವ ಧಗೆ ಕಾರಹುಣ್ಣಿಮೆ ಹೊತ್ತಿಗೆ ಮಳೆ ಬೀಳುವ ತನಕ ಇಳಿಯುವುದಿಲ್ಲ. ಈ ನಡುವೆ ಎಷ್ಟು ಹಬ್ಬ ಬರುತ್ತವೆ ಲೆಕ್ಕ ಹಾಕಿ. ಶರಣಬಸವೇಶ್ವರರ ಜಾತ್ರೆ, ಯುಗಾದಿ, ರಾಮನವಮಿ, ಹನುಮ ಜಯಂತಿ, ಬಸವ ಜಯಂತಿ, ಅಕ್ಷಯ ತೃತೀಯ, ನರಸಿಂಹ ಜಯಂತಿ. ಓಣಿ ಓಣಿಯ ದೇವಿಯರ ಜಾತ್ರೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ನಮಗೆ ಸುದ್ದಿಯೇ ಅಲ್ಲ. ಆ ಬಿಸಿಲಲ್ಲೂ ನಮ್ಮ ಜನ ಹಬ್ಬ ಬಿಟ್ಟವರಲ್ಲ, ಮುಂದೆಯೂ ಬಿಡುವುದಿಲ್ಲ. ನಾನೂ ಬಿಡುವವಳಲ್ಲ. ನಾನು ಒಂದು ಓಣಿಯ ಭಜನಾ ಮಂಡಳಿಯವಳು. ಉತ್ಸವ ಬಂದರೆ ಕುಂಭ ಹೊರುವವರ ಸಾಲಲ್ಲಿ ನಿಲ್ಲುತ್ತೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹೋಳಿಯಿಂದ ಕಾರಹುಣ್ಣಿಮೆವರೆಗೆ, ಬೆಳಿಗ್ಗೆ 11ರಿಂದ ಸಂಜೆ 4ರ ತನಕ, ಬಯಲಲ್ಲಿ ಯಾವ ಮೆರವಣಿಗೆಯೂ ಬೇಡ, ಯಾವ ಸಭೆಯೂ ಬೇಡ. ಆ ಐದು ತಾಸು ದೇವರೂ ಭಕ್ತರೂ ನೆರಳಲ್ಲಿರಲಿ. ಮುಂದೆ ಬರೆದದ್ದೆಲ್ಲ ಇದು ಯಾಕೆ, ಇದನ್ನು ಹೇಗೆ ಮಾಡಬಹುದು ಅನ್ನೋದರ ಬಗ್ಗೆ.

ಇದು ಹೊಸ ಕಾಲದ ಮಾತು ಅಂತ ಯಾರೂ ತಿಳಿಯಬೇಡಿ. ಹಿರಿಯರು ಬೇಸಿಗೆಯ ಹಬ್ಬಗಳನ್ನು ಕಟ್ಟಿದ್ದೇ ಬಿಸಿಲನ್ನು ಲೆಕ್ಕಕ್ಕೆ ಇಟ್ಟುಕೊಂಡು. ಯುಗಾದಿಯ ಬೇವನ್ನೇ ನೋಡಿ. ಮೈಸೂರು ಕಡೆಯವರು ಬೇವು-ಬೆಲ್ಲವನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಬೇವು ಕುಡಿಯುತ್ತೇವೆ. ಕುಂಬಾರರಿಂದ ಹೊಸ ಗಡಿಗೆ ತರಬೇಕು. ಒಂದು ರಾತ್ರಿ ನೀರು ತುಂಬಿಟ್ಟು ಮಣ್ಣಿನ ವಾಸನೆ ಹದಕ್ಕೆ ತರಬೇಕು. ಹುಣಸೆಹಣ್ಣು ನೆನೆಸಿ ಕಿವುಚಿ, ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ ಗಡಿಗೆಗೆ ಹಾಕಬೇಕು. ಆಮೇಲೆ ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸೆ, ಉತ್ತತ್ತಿ ಚೂರು, ಒಣದ್ರಾಕ್ಷಿ. ಕೊನೆಗೆ ಬೇವಿನ ಹೂವು. ಮಧ್ಯಾಹ್ನದ ಹೊತ್ತಿಗೆ ಗಡಿಗೆಯ ಹೊರಮೈ ಬೆವರಿ ಒಳಗಿನ ಬೇವು ತಣ್ಣಗಾಗಿರುತ್ತದೆ. ಮನೆಗೆ ಬಂದವರಿಗೆಲ್ಲ ಲೋಟ ತುಂಬ ಕೊಡುತ್ತೇವೆ. ಬೆವರಿ ಬಸವಳಿದ ಮೈಗೆ ನೀರು, ಸಿಹಿ, ಹುಳಿ ಮೂರೂ ಒಂದೇ ಗುಟುಕಲ್ಲಿ ಸಿಗುತ್ತವೆ. ಹಬ್ಬ ಮುಗಿದ ಮೇಲೆ ಅದೇ ಗಡಿಗೆ ಇಡೀ ಬೇಸಿಗೆಗೆ ಕುಡಿಯುವ ನೀರಿನ ಗಡಿಗೆ ಆಗುತ್ತದೆ. ಹಬ್ಬದ ನೆಪದಲ್ಲಿ ಪ್ರತಿ ಮನೆಗೂ ಒಂದು ತಣ್ಣೀರ ಗಡಿಗೆ ಬಂದಂತಾಯಿತು, ಅಲ್ವಾ?

ರಾಮನವಮಿಗೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಅಕ್ಷಯ ತೃತೀಯಕ್ಕೆ ನೀರು ತುಂಬಿದ ಕೊಡದ ದಾನ. ವೈಶಾಖ ಮಾಸದಲ್ಲಿ ಕೊಡೆ, ಬೀಸಣಿಕೆ, ಚಪ್ಪಲಿ ದಾನ ಮಾಡಬೇಕು ಅಂತ ಹಿರಿಯರು ಹೇಳಿಟ್ಟಿದ್ದಾರೆ. ಈಗ ಅಕ್ಷಯ ತೃತೀಯ ಅಂದರೆ ಬಂಗಾರದ ಅಂಗಡಿ ಮುಂದೆ ಸಾಲು ನಿಲ್ಲುವುದು ಅಂತಾಗಿದೆ. ಕೊಡೆ, ಚಪ್ಪಲಿ ಕೊಡುವ ಪದ್ಧತಿ ಅದಕ್ಕಿಂತ ಎಷ್ಟೋ ಹಳೆಯದು.

ದೇವರಿಗೂ ಹಿರಿಯರು ತಂಪು ಮಾಡಿದ್ದಾರೆ. ವೈಶಾಖದಲ್ಲಿ ಶಿವಲಿಂಗದ ಮೇಲೆ ತೂತು ಕೊರೆದ ಪಾತ್ರೆ ತೂಗಿಬಿಟ್ಟು ಹನಿ ಹನಿ ನೀರು ಬೀಳುವ ಹಾಗೆ ಮಾಡುತ್ತಾರೆ. ದೇವರ ಮೂರ್ತಿಗೆ ಗಂಧ ಲೇಪಿಸುತ್ತಾರೆ. ಪುರಿಯಲ್ಲಿ ಅಕ್ಷಯ ತೃತೀಯದಿಂದ 42 ದಿನ ಚಂದನ ಯಾತ್ರೆ ನಡೆಯುತ್ತದೆ. ಉತ್ಸವ ಮೂರ್ತಿಗಳನ್ನು ನರೇಂದ್ರ ಕೆರೆಗೆ ಒಯ್ದು ದೋಣಿಯಲ್ಲಿ ಕೂರಿಸುತ್ತಾರೆ. ದೇವರಿಗೆ ಸೆಕೆ ಆಗುತ್ತದೆ ಅಂತ ನಂಬಿದ ಜನ ನಾವು. ಆ ದೇವರ ಮುಂದೆ ಕುಂಭ ಹೊತ್ತು ನಡೆಯುವ ಹುಡುಗಿಗೆ ಸೆಕೆ ಆಗುತ್ತದೆ ಅನ್ನೋದನ್ನೂ ಅಷ್ಟೇ ನಂಬಬೇಕು.

ಹೊತ್ತಿನ ವಿಷಯವೂ ಹಾಗೇ. ನಮ್ಮ ಶರಣಬಸವೇಶ್ವರರ ತೇರು ಎಳೆಯುವುದು ಹೊತ್ತು ಇಳಿದ ಮೇಲೆ. ಸಂಜೆಯ ತಂಪಲ್ಲಿ ಜನ ಉತ್ತತ್ತಿ, ಬಾಳೆಹಣ್ಣು ತೇರಿನ ಮೇಲೆ ಎಸೆದು ಕೈ ಮುಗಿಯುತ್ತಾರೆ. 1822ರಲ್ಲಿ ಶರಣಬಸವೇಶ್ವರರು ಲಿಂಗೈಕ್ಯರಾದ ಮೇಲೆ ಶುರುವಾದ ಜಾತ್ರೆ ಅದು. ಆ ಕಾಲದವರಿಗೆ ಹವಾಮಾನ ಇಲಾಖೆಯ ಮೆಸೇಜು ಬರುತ್ತಿರಲಿಲ್ಲ, ಆದರೂ ಯಾವ ಹೊತ್ತಿಗೆ ಜನ ಸೇರಬಹುದು ಅಂತ ಗೊತ್ತಿತ್ತು. ಕಾಮದಹನ ರಾತ್ರಿ. ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಸಂಜೆ. ಬೆಂಗಳೂರಿನ ಕರಗ ಚೈತ್ರ ಹುಣ್ಣಿಮೆಯ ನಡುರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಬೆಳಗಾಗುವ ಹೊತ್ತಿಗೆ ಊರು ಸುತ್ತಿ ಬರುತ್ತದೆ. ಮಧುರೈಯಲ್ಲಿ ಚಿತ್ತಿರೈ ಹಬ್ಬಕ್ಕೆ ಕಳ್ಳಳಗರ್ ಸ್ವಾಮಿ ವೈಗೈ ನದಿಗೆ ಇಳಿಯುವುದು ಮುಂಜಾನೆ. ಬಿಸಿಲ ನಾಡಿನ ಎಷ್ಟೋ ದೊಡ್ಡ ಉತ್ಸವಗಳು ನಡುಹಗಲನ್ನು ಬಿಟ್ಟೇ ನಡೆಯುತ್ತವೆ.

ಹಾಗಾದರೆ ನಡುಹಗಲ ಮೆರವಣಿಗೆ ಎಲ್ಲಿಂದ ಬಂತು? ಬಹಳ ಕಡೆ ಅದು ಬಂದದ್ದು ವೇದಿಕೆ ಕಾರ್ಯಕ್ರಮದ ಜೊತೆಗೆ. ಆಮಂತ್ರಣ ಪತ್ರಿಕೆಯಲ್ಲಿ ಬೆಳಿಗ್ಗೆ 9ಕ್ಕೆ ಮೆರವಣಿಗೆ, 11ಕ್ಕೆ ಸಭೆ ಅಂತ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗಳು ಬರದೆ ಚಾಲನೆ ಇಲ್ಲ. ಅವರಿಗೆ ಅದೇ ದಿನ ಇನ್ನೂ ಮೂರ್ನಾಲ್ಕು ಕಡೆ ಕಾರ್ಯಕ್ರಮ. ಅವರು ಬರುವ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ.

ನಾನು ಕಂಡ ಒಂದು ಮೆರವಣಿಗೆಯನ್ನು ಹೇಳುತ್ತೇನೆ. ಯಾವ ಸಮಿತಿಯದು ಅಂತ ಬರೆಯುವುದಿಲ್ಲ. ಆ ಸಮಿತಿಯವರೂ ಒಳ್ಳೆಯ ಜನರೇ. ಕುಂಭ ಹೊತ್ತ ಹೆಂಗಸರು, ಹುಡುಗಿಯರು ಡಾಂಬರು ರಸ್ತೆ ಮೇಲೆ ಎರಡು ಸಾಲಾಗಿ ನಿಂತಿದ್ದೆವು. ಚಪ್ಪಲಿ ಗುಡಿ ಮುಂದೆ ಬಿಟ್ಟಿದ್ದೆವು. ಅತಿಥಿಗಳ ಕಾರು ಇನ್ನೇನು ಬಂತು, ಇನ್ನೇನು ಬಂತು ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. 12 ದಾಟಿತು. ನನ್ನ ಮುಂದೆ ಜರಿ ಲಂಗ ಉಟ್ಟ ಒಬ್ಬ ಹುಡುಗಿ, ಆರನೇ ಕ್ಲಾಸು ಇರಬಹುದು. ಒಂದು ಕಾಲನ್ನು ಇನ್ನೊಂದು ಪಾದದ ಮೇಲೆ ಇಟ್ಟು ನಿಲ್ಲುತ್ತಿದ್ದಳು, ಮತ್ತೆ ಕಾಲು ಬದಲಿಸುತ್ತಿದ್ದಳು. "ಅಕ್ಕಾ, ಕಾಲ ಸುಡ್ಲಕತ್ಯಾವ" ಅಂತ ತಿರುಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಕುಂಭ ಕೈಯಿಂದ ಜಾರಿತು, ಹಿಂದೆಯೇ ಅವಳೂ ಕುಸಿದಳು. ಹತ್ತಿರದ ಅಂಗಡಿಯ ಕಟ್ಟೆ ಮೇಲೆ ಮಲಗಿಸಿದೆವು. ಅಷ್ಟು ದೊಡ್ಡ ಮೆರವಣಿಗೆಯಲ್ಲಿ ತಟ್ಟನೆ ಕೈಗೆ ಸಿಗುವ ಕಡೆ ಒಂದು ಕೊಡ ನೀರಿರಲಿಲ್ಲ. ಇದ್ದದ್ದು ನಮ್ಮ ಕುಂಭಗಳಲ್ಲಿ ಪೂಜೆ ಮಾಡಿ ತುಂಬಿದ ನೀರು ಮಾತ್ರ. ಹಾಕಬಹುದೋ ಇಲ್ಲವೋ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಆಗ ನಮ್ಮ ಮಂಡಳಿಯ ಹಿರಿಯ ಅಜ್ಜಿಯೊಬ್ಬರು, "ದ್ಯಾವರ ನೀರೇ ಅದ, ಹಾಕ್ರಿ ತೆಲಿ ಮ್ಯಾಲ" ಅಂದರು. ಹಾಕಿದೆವು. ಹುಡುಗಿ ಕಣ್ಣು ಬಿಟ್ಟಳು.

ಅವಳು ಎದ್ದು ಮನೆಗೆ ಹೋದಳು. ಎಲ್ಲ ಕಡೆ ಹಾಗೆ ಆಗುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಕೊಡುವ ಸಮಾರಂಭ ಬಯಲಲ್ಲಿ ನಡೆಯಿತು. ಪ್ರಶಸ್ತಿ ಪಡೆದ ಗುರುವಿನ ಲಕ್ಷಗಟ್ಟಲೆ ಭಕ್ತರು ಗಂಟೆಗಟ್ಟಲೆ ಬಿಸಿಲಲ್ಲಿ ಕೂತಿದ್ದರು. ವೇದಿಕೆಗೆ ನೆರಳಿತ್ತು, ಜನಕ್ಕೆ ಇರಲಿಲ್ಲ. ಬಿಸಿಲ ಹೊಡೆತಕ್ಕೆ 14 ಜನ ತೀರಿಕೊಂಡರು. ಅಲ್ಲಿ ಆ ದಿನ ಇದ್ದದ್ದು ಸುಮಾರು 38 ಡಿಗ್ರಿ. ನಮ್ಮ ಲೆಕ್ಕದಲ್ಲಿ ಅದು ಅಂಥ ಬಿಸಿಲೇ ಅಲ್ಲ ಅಂತ ಯಾರಾದರೂ ಅನ್ನಬಹುದು. ಸಮುದ್ರದ ಪಕ್ಕದ ಊರಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ನಮ್ಮಲ್ಲಿ ಒಣ ಬಿಸಿಲು. ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ, ಮೈಯ ನೀರು ಖಾಲಿಯಾದದ್ದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ದಾರಿ ಬೇರೆ, ಅಪಾಯ ಅಷ್ಟೇ.

ಅಧಿಕಾರಿಗಳಿಗೆ ಎರಡು ವಿಷಯ ನೆನಪು ಮಾಡಬೇಕು. ಒಂದು, ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ, ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ಮಾತ್ರ. ಬಹಳ ಒಳ್ಳೆಯ ಆದೇಶ. ಸೂರಿನ ಕೆಳಗೆ ಫ್ಯಾನ್ ಗಾಳಿಯಲ್ಲಿ ಕೂತು ಕೆಲಸ ಮಾಡುವವರಿಗೂ ಈ ಬಿಸಿಲು ಆಗದು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಬಯಲಲ್ಲಿ ಬರಿಗಾಲಲ್ಲಿ ನಡೆಯುವವರಿಗೂ ಅದೇ ನ್ಯಾಯ ಸಿಗಲಿ.

ಎರಡನೆಯದು ಎತ್ತಿನ ವಿಷಯ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ನಿಯಮ ಮಾಡಿದೆ. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವುಗಳಿಂದ ದುಡಿಸಬಾರದು. ಬಸವ ಜಯಂತಿಗೆ ಎತ್ತು ಸಿಂಗರಿಸಿ ಮೆರವಣಿಗೆ ಮಾಡುವವರು ಇದನ್ನು ತಿಳಿದಿರಲೇಬೇಕು. ಅದೇ ಮೆರವಣಿಗೆಯಲ್ಲಿ ಡೊಳ್ಳು ಹೊತ್ತು ಕುಣಿಯುವವರಿಗೆ, ಹಲಗೆ ಬಡಿಯುವವರಿಗೆ, ಬ್ಯಾಂಡಿನವರಿಗೆ, ಪಲ್ಲಕ್ಕಿ ಹೊರುವವರಿಗೆ, ಕುಂಭದ ಮಕ್ಕಳಿಗೆ ಅಂಥ ಒಂದು ನಿಯಮ ಪರವಾನಗಿ ಪತ್ರದಲ್ಲೇ ಇರಲಿ ಅಂತ ಬೇಡುತ್ತೇನೆ. ಡೊಳ್ಳಿನವರು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿರುತ್ತಾರೆ. ಎಷ್ಟೋ ಸಲ ಸರಿಯಾದ ನಾಷ್ಟಾ ಕೂಡ ಆಗಿರುವುದಿಲ್ಲ. ಸೊಂಟಕ್ಕೆ ಕಂಬಳಿ ಕಟ್ಟಿ, ಆ ಭಾರದ ಡೊಳ್ಳು ಹೊತ್ತು ತಾಸುಗಟ್ಟಲೆ ಕುಣಿಯುತ್ತಾರೆ. ಅತಿಥಿ ತಡ ಮಾಡಿದ ಪ್ರತಿ ತಾಸೂ ಅವರ ಮೈಮೇಲೆ ಬೀಳುತ್ತದೆ.

ಪರವಾನಗಿಯಲ್ಲಿ ಇನ್ನೂ ಒಂದು ಮಾತು ಸೇರಿಸಬಹುದು. ಹವಾಮಾನ ಇಲಾಖೆ ಕೆಲವು ದಿನ ಮೊದಲೇ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಕಿತ್ತಳೆಯೋ ಕೆಂಪೋ ಬಂದ ದಿನ ಬಯಲಿನ ಕಾರ್ಯಕ್ರಮ ತಾನಾಗಿಯೇ ಸಂಜೆ 5ರ ನಂತರಕ್ಕೆ ಹೋಗಬೇಕು. ಅದಕ್ಕೆ ಮತ್ತೆ ಅರ್ಜಿ, ಮತ್ತೆ ಓಡಾಟ ಇರಬಾರದು.

"ಮುಹೂರ್ತ ಮಧ್ಯಾಹ್ನಕ್ಕೇ ಇದೆ, ಏನು ಮಾಡೋದು?" ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ರಾಮ ಹುಟ್ಟಿದ್ದೇ ನಡುಮಧ್ಯಾಹ್ನ. ತೊಟ್ಟಿಲು ತೂಗುವುದು ಆಗಲೇ ಆಗಬೇಕು. ತೊಟ್ಟಿಲು ಗುಡಿಯ ಒಳಗೇ ಇರುತ್ತದಲ್ಲ, ತೂಗೋಣ. ಜೋಗುಳ ಹಾಡೋಣ, ಪಾನಕ ಕುಡಿಯೋಣ, ಅಲ್ಲೇ ನೆರಳಲ್ಲಿ ಕೂತು ಭಜನೆ ಮಾಡೋಣ. ಬೀದಿಯ ಮೆರವಣಿಗೆಯನ್ನು ಅದೇ ಮಧ್ಯಾಹ್ನ ತೆಗೆಯಬೇಕು ಅಂತ ನಮ್ಮ ಪಂಚಾಂಗದಲ್ಲಿ ಎಲ್ಲೂ ಇಲ್ಲ. ಸಂಜೆ 5:30ಕ್ಕೆ ಹೊರಟರೆ ರಾತ್ರಿ 10ರೊಳಗೆ ಮುಗಿಯುತ್ತದೆ. 10ರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ, ಅದನ್ನೂ ಮೀರಿದಂತಾಗುವುದಿಲ್ಲ. ಸಂಜೆ ಟ್ರಾಫಿಕ್ ಜಾಸ್ತಿ ಅನ್ನುವ ಪೊಲೀಸರ ಮಾತಿನಲ್ಲೂ ನಿಜ ಇದೆ. ಹಾಗಿದ್ದರೆ ಮುಂಜಾನೆ 6ಕ್ಕೆ ಕೊಡಿ. 6ರಿಂದ 9ರ ತನಕ ರಸ್ತೆಯೂ ಖಾಲಿ, ಗಾಳಿಯೂ ತಂಪು. ಆ ಹೊತ್ತಿಗೆ ನಮ್ಮ ಮಂಡಳಿಯ ಒಬ್ಬ ಹೆಂಗಸೂ ತಡ ಮಾಡುವುದಿಲ್ಲ. ಮನೆಯವರಿಗೆಲ್ಲ ಚಹಾ ಮಾಡಿಟ್ಟು, ಅಂಗಳ ಸಾರಿಸಿ ಬಂದಿರುತ್ತೇವೆ.

ಅತಿಥಿಗಳಿಗೂ ಕೈ ಮುಗಿದು ಒಂದು ಮಾತು. ನಿಮಗಾಗಿ ಕಾಯಬಾರದು ಅಂತ ನೀವೇ ಸಮಿತಿಯವರಿಗೆ ಹೇಳಿ. ಅವರು ನಿಮ್ಮ ಮುಂದೆ ಹೇಳಲಾರರು. ನೀವು ಹೇಳಿದರೆ ಅವತ್ತೇ ಬದಲಾಗುತ್ತದೆ.

ಇನ್ನು ಕಾಲಡಿಯ ಮಾತು. ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿ ದಾಟುತ್ತದೆ. ಕಲ್ಲೂ ಸಿಮೆಂಟೂ ಅದಕ್ಕೆ ಬಹಳ ಹಿಂದೆ ಬೀಳುವುದಿಲ್ಲ. ನಮ್ಮ ಗುಡಿಗಳ ಅಂಗಳಕ್ಕೆಲ್ಲ ಹಾಸಿರುವುದು ಫರಸಿ ಕಲ್ಲು, ಹತ್ತಿರದ ಶಹಾಬಾದಿನದ್ದು. ಗುಡಿಯೊಳಗೆ ನೆರಳಲ್ಲಿ ಆ ಕಲ್ಲಿನಷ್ಟು ತಣ್ಣನೆಯ ನೆಲ ಇನ್ನೊಂದಿಲ್ಲ. ಬಯಲಿಗೆ ಬಂದರೆ ಅದೇ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ಪ್ರದಕ್ಷಿಣೆ ಹಾಕುವ ಅಜ್ಜಿಯರು ಓಡುತ್ತಾ ಸುತ್ತು ಮುಗಿಸುವುದನ್ನು ಎಲ್ಲರೂ ನೋಡಿದ್ದೇವೆ. ಸಕ್ಕರೆ ಕಾಯಿಲೆ ಇದ್ದವರ ಸ್ಥಿತಿ ಇನ್ನೂ ಕಷ್ಟ. ಎಷ್ಟೋ ಜನರಿಗೆ ಪಾದದಲ್ಲಿ ಸ್ಪರ್ಶವೇ ಕಡಿಮೆ ಆಗಿರುತ್ತದೆ. ಸುಟ್ಟದ್ದು ಗೊತ್ತಾಗುವುದಿಲ್ಲ, ಮನೆಗೆ ಹೋದ ಮೇಲೆ ಬೊಬ್ಬೆ ಕಾಣುತ್ತದೆ, ಅದು ತಿಂಗಳುಗಟ್ಟಲೆ ಮಾಯುವುದಿಲ್ಲ.

ತಿರುಮಲದಲ್ಲಿ ಬೇಸಿಗೆಗೆ ಗುಡಿಯ ಸುತ್ತಲಿನ ಮಾಡಬೀದಿಗಳ ನೆಲಕ್ಕೆ ಬಿಳಿ ತಂಪು ಬಣ್ಣ ಬಳಿಯುತ್ತಾರೆ, ಹಾಸು ಹಾಕುತ್ತಾರೆ, ನೀರು ಚಿಮುಕಿಸುತ್ತಾರೆ, ಚಪ್ಪರ ಕಟ್ಟುತ್ತಾರೆ. ಅಷ್ಟು ದೊಡ್ಡ ಗುಡಿಯ ದುಡ್ಡು ನಮ್ಮಲ್ಲಿ ಇಲ್ಲ, ನಿಜ. ಆದರೆ ಪ್ರದಕ್ಷಿಣೆಯ ದಾರಿಯಷ್ಟಕ್ಕೆ ಒಂದು ಪಟ್ಟಿ ಬಿಳಿ ಬಣ್ಣ, ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸೋಕೆ ಎಷ್ಟು ಬೇಕಾದೀತು? ಒಂದು ಸಂಜೆಯ ಪಟಾಕಿ ಖರ್ಚಿನಲ್ಲಿ ಆಗುವ ಕೆಲಸ. ಚಾಪೆಗೆ ತಾಸಿಗೊಮ್ಮೆ ನೀರು ಚಿಮುಕಿಸಿದರೆ ಸಾಕು.

ಚಪ್ಪರ ಅಂದರೆ ತಗಡು ಅಂತಾಗಿದೆ ಈಗ. ತಗಡಿನ ಕೆಳಗೆ ನೆರಳು ಸಿಗುತ್ತದೆ, ತಂಪು ಸಿಗುವುದಿಲ್ಲ. ಕಾದ ತಗಡಿನ ಝಳ ನೇರ ತಲೆಗೆ ಬಡಿಯುತ್ತದೆ. ತೆಂಗಿನ ಗರಿ, ಜೋಳದ ದಂಟು, ಮಾವಿನ ಸೊಪ್ಪಿನ ಚಪ್ಪರ ಗಾಳಿಯನ್ನು ಒಳಗೆ ಬಿಡುತ್ತದೆ. ಗರಿ ಸಿಗದಿದ್ದರೆ ಹೊಲದವರು ಬಳಸುವ ಹಸಿರು ನೆರಳು ಪರದೆಯಾದರೂ ಆಗಬಹುದು. ತಗಡು ಬಿಡಲಾಗದ ಕಡೆ ಮೇಲೆ ಸುಣ್ಣ ಹೊಡೆಯಿರಿ. 2010ರ ಬಿಸಿಲಿಗೆ ಸಾವಿರಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡ ಅಹಮದಾಬಾದ್ ನಗರ 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿಕೊಂಡಿತು. ಬಡವರ ಮನೆಯ ಮಾಳಿಗೆಗಳಿಗೆ ಸುಣ್ಣ ಹೊಡೆಸುವುದನ್ನೂ ಮುಂದೆ ಅದರಲ್ಲಿ ಸೇರಿಸಿಕೊಂಡಿತು. ಸುಣ್ಣ ಹೊಡೆಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಬ್ಬ ಬಂತೆಂದರೆ ಮನೆಗೆ ಸುಣ್ಣ ಬಳಿದವರೇ ನಾವು.

ತಗಡಿನ ಶೆಡ್ಡಿನ ಮಾತು ಬಂದಾಗ ಅಡುಗೆಯವರನ್ನು ನೆನೆಯದೆ ಮುಂದೆ ಹೋಗಲಾರೆ. ದಾಸೋಹದ ಅಡುಗೆ ಬಹಳ ಕಡೆ ಗುಡಿಯ ಹಿಂದಿನ ತಗಡಿನ ಶೆಡ್ಡಿನಲ್ಲೇ. ಮೇಲೆ ಸೂರ್ಯ, ಮುಂದೆ ಭಟ್ಟಿ. ಸಾವಿರ ಜನರ ಹುಗ್ಗಿ ತಿರುಗಿಸುವ ಮನುಷ್ಯ ಬೆಳಗಿನಿಂದ ಆ ಬೆಂಕಿ ಬಿಟ್ಟು ಕದಲಿರುವುದಿಲ್ಲ. ಪ್ರಸಾದ ಉಂಡು ಕೈ ಮುಗಿಯುವ ನಾವು ಆ ಕಡೆ ಹೋಗಿ ನೋಡುವುದೇ ಕಡಿಮೆ. ಅಡುಗೆ ರಾತ್ರಿ 2ಕ್ಕೆ ಶುರುವಾಗಿ ಬೆಳಿಗ್ಗೆ 9ಕ್ಕೆ ಮುಗಿಯಲಿ. ಶೆಡ್ಡಿನ ಎರಡು ಬದಿ ತೆರೆದಿರಲಿ. ದೊಡ್ಡ ಫ್ಯಾನು ವೇದಿಕೆಗೆ ಹೋಗುವ ಮೊದಲು ಅಲ್ಲಿಗೆ ಹೋಗಲಿ. ಅವರಿಗೆ ಅರ್ಧ ತಾಸಿಗೊಮ್ಮೆ ಮಜ್ಜಿಗೆ ಕೊಡುವುದನ್ನು ಒಬ್ಬರ ಜವಾಬ್ದಾರಿ ಮಾಡಿ.

ಮಜ್ಜಿಗೆ, ಪಾನಕ ಹಂಚುವವರಿಗೂ ಒಂದು ಬಿನ್ನಹ. ಪುಣ್ಯದ ಕೆಲಸ, ಬಹಳ ಜನ ಪ್ರೀತಿಯಿಂದ ಮಾಡುತ್ತೀರಿ. ನೀರು ಕಾಯಿಸಿ ಆರಿಸಿದ್ದೋ ಶುದ್ಧ ಮಾಡಿದ್ದೋ ಆಗಿರಲಿ. ಸರಕು ತಣ್ಣಗಿಡೋಕೆ ಮಾರುವ ಐಸಿನ ಗಡ್ಡೆಯನ್ನು ಪಾನಕಕ್ಕೆ ಹಾಕಬೇಡಿ, ಅದು ಕುಡಿಯುವ ನೀರಿನದ್ದಲ್ಲ. ಗಡಿಗೆಯ ತಂಪೇ ಸಾಕು. ಹಸಿಕೊಬ್ಬರಿ ಹಾಕಿದ ಕೋಸಂಬರಿ ಈ ಬಿಸಿಲಿಗೆ ಬೇಗ ಹಳಸುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ ಹಂಚಿ. ಮಜ್ಜಿಗೆಗೆ ಉಪ್ಪು ಮರೆಯಬೇಡಿ, ಬೆವರಿನ ಜೊತೆ ಹೋದದ್ದು ಉಪ್ಪೂ ಹೌದು.

ಉಪವಾಸ ಇರುವ ತಾಯಂದಿರೇ, ಅಕ್ಕಂದಿರೇ, ನಿಮಗೆ ಬೇರೆಯಾಗಿ ಹೇಳಬೇಕು. ಅನ್ನ ಬಿಡಿ, ನೀರು ಬಿಡಬೇಡಿ. ಎಳನೀರು, ಮಜ್ಜಿಗೆ, ಹಣ್ಣಿನ ರಸ ಉಪವಾಸಕ್ಕೆ ಸಲ್ಲುತ್ತದೆ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ನಿರ್ಜಲ ಉಪವಾಸ ಮಾಡಲೇಬೇಡಿ.

ಯಾರಾದರೂ ಕುಸಿದರೆ ಏನು ಮಾಡಬೇಕು ಅನ್ನೋದು ಪ್ರತಿ ಸ್ವಯಂಸೇವಕನಿಗೂ ಗೊತ್ತಿರಬೇಕು. ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ತಿಳಿಯದಂತಾದರೆ, ಮೈ ಕೆಂಡದಂತೆ ಕಾದಿದ್ದರೆ ಅದು ಬಿಸಿಲ ಹೊಡೆತ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರಲಿ ಅಂತ ಸುಮ್ನೆ ನಿಲ್ಲಬೇಡಿ. ನೆರಳಿಗೆ ಒಯ್ದು, ಬಿಗಿ ಬಟ್ಟೆ ಸಡಿಲಿಸಿ, ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸಿ. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರುಗಟ್ಟುತ್ತದೆ. ಎಚ್ಚರ ಇದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ಅರವಟ್ಟಿಗೆಯ ಬಗ್ಗೆ ನನಗೆ ಹೆಚ್ಚು ಕಾಳಜಿ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕೆರೆ, ಬಾವಿ, ಛತ್ರದ ಜೊತೆ ಅರವಟ್ಟಿಗೆಗೂ ದತ್ತಿ ಬಿಟ್ಟ ಮಾತು ಬರುತ್ತದೆ. ದಾರಿಹೋಕರಿಗೆ ನೀರು ಕೊಡುವುದಕ್ಕೆ ಭೂಮಿಯ ಆದಾಯ ಮುಡಿಪಿಟ್ಟ ಜನ ನಮ್ಮ ಹಿರಿಯರು. ಭೂಮಿ ಬಿಟ್ಟದ್ದು ಯಾಕೆಂದರೆ ವರ್ಷ ವರ್ಷವೂ ಅದನ್ನು ನಡೆಸುವ ಮನುಷ್ಯ ಬೇಕು ಅಂತ ಅವರಿಗೆ ಗೊತ್ತಿತ್ತು. ಈಗ ಯುಗಾದಿಗೆ ಅರವಟ್ಟಿಗೆ ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ, ಎಷ್ಟೋ ಕಡೆ ವಾರ ಕಳೆಯುವುದರೊಳಗೆ ಗಡಿಗೆ ಒಣಗಿರುತ್ತದೆ. ಫ್ಲೆಕ್ಸ್ ಮಾತ್ರ ಮಳೆಗಾಲದ ತನಕ ಇರುತ್ತದೆ. ಆ ಫ್ಲೆಕ್ಸಿನ ಖರ್ಚನ್ನು ಒಬ್ಬ ಅಜ್ಜನಿಗೋ ಅಜ್ಜಿಗೋ ಪಗಾರ ಕೊಟ್ಟು ನೇಮಿಸಲು ಬಳಸಿ. ಬೆಳಿಗ್ಗೆ, ಮಧ್ಯಾಹ್ನ ಗಡಿಗೆ ತೊಳೆದು ತುಂಬುವುದು, ಬಂದವರಿಗೆ ಎತ್ತಿ ಹೊಯ್ಯುವುದು ಅವರ ಕೆಲಸ. ಬೆನ್ನೆತೊರೆಯಿಂದ, ಭೀಮೆಯಿಂದ ಬರುವ ನಮ್ಮೂರ ನೀರು ಬೇಸಿಗೆಗೆ ಎಷ್ಟು ಇಕ್ಕಟ್ಟಿನದು ಅಂತ ಎಲ್ಲರಿಗೂ ಗೊತ್ತು. ಆದ್ದರಿಂದ ಬೇಸಿಗೆಯ ನಾಲ್ಕು ತಿಂಗಳು ಅರವಟ್ಟಿಗೆಗಳಿಗೆ ಮೀಸಲು ಟ್ಯಾಂಕರ್ ಇರಲಿ ಅಂತ ಪಾಲಿಕೆಯನ್ನು ಕೇಳಿಕೊಳ್ಳುತ್ತೇನೆ. ಆ ನೀರು ಜಾತ್ರೆಗೆ ಬಂದವರೂ ಕುಡಿಯಲಿ, ಬಂದೇ ನವಾಜರ ಉರುಸಿಗೆ ಬಂದವರೂ ಕುಡಿಯಲಿ, ಹಮಾಲರೂ ಆಟೋದವರೂ ಕುಡಿಯಲಿ.

ಕಾರಹುಣ್ಣಿಮೆಯ ದಿನ ಹೆಂಗಸರು ಆಲದ ಮರಕ್ಕೆ ನೂಲು ಸುತ್ತಿ ಪೂಜೆ ಮಾಡುತ್ತೇವೆ. ಸಾವಿತ್ರಿಯ ವ್ರತ. ಈಗ ಎಷ್ಟೋ ಬಡಾವಣೆಯಲ್ಲಿ ಆಲದ ಮರವೇ ಇಲ್ಲ. ರಸ್ತೆ ಅಗಲ ಮಾಡುವಾಗ ಹೋದವು, ಲೇಔಟ್ ಮಾಡುವಾಗ ಹೋದವು. ಆಲದ ಟೊಂಗೆ ಕಡಿದು ತಂದು ಮಾರುತ್ತಾರೆ. ಅದನ್ನು ಕುಂಡದಲ್ಲಿ ನೆಟ್ಟು, ಅದಕ್ಕೇ ನೂಲು ಸುತ್ತಿ, ಮರುದಿನ ಕಸದ ಗಾಡಿಗೆ ಹಾಕುತ್ತೇವೆ. ಮರ ಪೂಜಿಸುವ ಹಬ್ಬಕ್ಕೆ ಉಳಿದ ಮರಗಳ ಟೊಂಗೆ ಕಡಿಯುತ್ತಿದ್ದೇವೆ. ಇದು ನನಗೆ ಬಹಳ ನೋವು ಕೊಡುತ್ತದೆ. ಒಂದು ಆಲದ ಮರದ ಕೆಳಗೆ ಕೂತ ಹೆಂಗಸರಿಗೆ ಪೂಜೆಯ ಹೊತ್ತಿನಲ್ಲಿ ಬೇರೆ ಚಪ್ಪರ ಬೇಕಾಗುತ್ತಿರಲಿಲ್ಲ.

ಗುಡಿಗಳಿಗೆ ಜಾಗ ಇದೆ, ಉದ್ಯಾನಗಳಿಗೆ ಜಾಗ ಇದೆ, ಅಪ್ಪನ ಕೆರೆಯ ಸುತ್ತ ಜಾಗ ಇದೆ. ಪ್ರತಿ ವಾರ್ಡಿಗೆ ಒಂದಾದರೂ ಆಲ, ಒಂದು ಅರಳಿ, ನಾಲ್ಕು ಬೇವು, ಎರಡು ಹೊಂಗೆ ನೆಡಿ. ನೆಡುವ ದಿನ ಮುಂಗಾರಿನಲ್ಲಿ ಇರಲಿ. ಮೂರು ಬೇಸಿಗೆ ನೀರು ಹಾಕುವವರು ಯಾರು ಅಂತ ಅವತ್ತೇ ಗೊತ್ತಾಗಲಿ. ಆಲದ ಗಿಡಕ್ಕೆ ನೀರು ಹಾಕುವ ಕೆಲಸವನ್ನು ಆಯಾ ಓಣಿಯ ಸಾವಿತ್ರಿ ವ್ರತದ ಹೆಂಗಸರಿಗೆ ವಹಿಸಿ. ನಮ್ಮ ಪೂಜೆಯ ಮರವನ್ನು ನಾವು ಒಣಗಲು ಬಿಡುವುದಿಲ್ಲ. ಟೊಂಗೆ ಮಾರಲೆಂದು ಮರ ಕಡಿಯುವುದನ್ನು ನಿಲ್ಲಿಸಿ. ನೆಟ್ಟ ಗಿಡ ಮರವಾಗುವ ತನಕ ಮಣೆ ಮೇಲೆ ಆಲದ ಮರದ ರಂಗೋಲಿ ಬರೆದು ಪೂಜೆ ಮಾಡುತ್ತೇವೆ.

ಈ ಬೇಸಿಗೆಯಿಂದಲೇ ಶುರು ಮಾಡಬಹುದಾದ್ದು ಒಂದಿದೆ. ಹೋಳಿಗೆ ಮೊದಲು ನಗರದ ಎಲ್ಲ ಉತ್ಸವ ಸಮಿತಿಗಳು, ಪೊಲೀಸರು, ಪಾಲಿಕೆ, ಆರೋಗ್ಯ ಇಲಾಖೆ ಒಂದು ಸಲ ಕೂಡಿ ಕೂರಲಿ. ಆ ಸಭೆಗೆ ಡೊಳ್ಳಿನವರನ್ನೂ, ಅಡುಗೆಯವರನ್ನೂ, ಕುಂಭ ಹೊರುವ ಹೆಂಗಸರನ್ನೂ ಕರೆಯಿರಿ. ಯಾವ ಮೆರವಣಿಗೆ ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟಕ್ಕೆ ಮುಗಿಯುತ್ತದೆ, ದಾರಿಯಲ್ಲಿ ನೀರು ಎಲ್ಲೆಲ್ಲಿ, ನೆರಳು ಎಲ್ಲೆಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದು ಗುಡಿ ಬಾಗಿಲಿಗೆ ಅಂಟಿಸಿ.

ನಮ್ಮ ಭಜನಾ ಮಂಡಳಿ ತನ್ನ ಕಡೆಯಿಂದ ತೀರ್ಮಾನ ಮಾಡಿದೆ. ಹೋಳಿಯಿಂದ ಕಾರಹುಣ್ಣಿಮೆವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ನಡುವೆ ನಾವು ಬೀದಿಯಲ್ಲಿ ಕುಂಭ ಹೊರುವುದಿಲ್ಲ, ನಮ್ಮ ಮಕ್ಕಳನ್ನೂ ಕಳಿಸುವುದಿಲ್ಲ. ಮುಂಜಾನೆ ಕರೆದರೆ ಬರುತ್ತೇವೆ, ಸಂಜೆ ಕರೆದರೂ ಬರುತ್ತೇವೆ. ಯುಗಾದಿಯಂದು ನಮ್ಮ ಓಣಿಯ ಗುಡಿ ಮುಂದೆ ಬೇವಿನ ಗಡಿಗೆ ಇಡುತ್ತೇವೆ. ಅವತ್ತಿನಿಂದ ಮಳೆ ಬರುವ ತನಕ ಅಲ್ಲಿ ನೀರು ತುಂಬುವ ಪಾಳಿ ಹಂಚಿಕೊಂಡಿದ್ದೇವೆ. ನಿಮ್ಮ ಓಣಿಯಲ್ಲೂ ಹೀಗೆ ಮಾಡುವವರಿದ್ದರೆ ನಮ್ಮಲ್ಲಿ ಹೆಚ್ಚಿಗೆ ತಂದಿಟ್ಟ ಗಡಿಗೆಗಳಿವೆ, ಬಂದು ಒಯ್ಯಿರಿ.

ಇಂತಿ ನಿಮ್ಮವಳು,
ಕುಂಭ ಹೊರುವವರಲ್ಲಿ ಒಬ್ಬಳು
ಕಲಬುರಗಿ